ಓದುಗರ ಪ್ರಶ್ನೆ, ನಮ್ಮ ಉತ್ತರ: ಬೆಂಕಿಗೆ ಬಗ್ಗದ, ಗಾಳಿಗೆ ಕರಗುವ ರೀನಿಯಮ್

ಹೋದ ತಿಂಗಳು ಜೆಟ್ ಎಂಜಿನ್ ಬಗ್ಗೆ ಉತ್ತರಿಸುವಾಗ, ‘ಅದರ ಬ್ಲೇಡುಗಳಲ್ಲಿ ಸ್ವಲ್ಪ ರೀನಿಯಮ್ ಇರುತ್ತದೆ’ ಎಂದು ಒಂದೇ ಸಾಲು ಬರೆದು ಮುಂದೆ ಹೋಗಿದ್ದೆ. ಆ ಸಾಲನ್ನು ಹಿಡಿದುಕೊಂಡು ಇಷ್ಟೊಂದು ಪತ್ರ ಬರುತ್ತವೆ ಎಂದುಕೊಂಡಿರಲಿಲ್ಲ. ತುಂಬಾ ಖುಷಿಯಾಯಿತು. ಇಪ್ಪತ್ತಾರು ವರ್ಷ ನಾನು ಕೆಲಸ ಮಾಡಿದ್ದು ಕುಲುಮೆಗಳ ಪ್ರಯೋಗಾಲಯದಲ್ಲಿ. ಎರಡು ಸಾವಿರ ಡಿಗ್ರಿ ಸೆಲ್ಸಿಯಸ್ ಅಲ್ಲಿ ದಿನನಿತ್ಯದ ಮಾತು. ರೀನಿಯಮ್ ಸೇರಿದ ತಂತಿಯನ್ನು ಕತ್ತರಿಸಿದ್ದೇನೆ, ಬಗ್ಗಿಸಿದ್ದೇನೆ, ಬೆಸೆದಿದ್ದೇನೆ. ಹಾಗಾಗಿ ಈ ಸಲದ ಪುಟ ಪೂರ್ತಿ ಅದಕ್ಕೇ.

ಮೇಡಂ, ಈ ಲೋಹದ ಹೆಸರನ್ನೇ ಕೇಳಿರಲಿಲ್ಲ. ನೋಡೋಕೆ ಹೇಗಿರುತ್ತೆ? ಏನು ವಿಶೇಷ?
(ವಿಜ್ಞಾನ ವಿದ್ಯಾರ್ಥಿನಿ)

ನೋಡೋಕೆ ಬೆಳ್ಳಿಯ ಹಾಗೆ, ಆದರೆ ಸ್ವಲ್ಪ ಬೂದು ಬಣ್ಣ. ಕೈಗೆತ್ತಿಕೊಂಡಾಗ ಗೊತ್ತಾಗುತ್ತದೆ ನೋಡಿ. ಒಂದು ಸೆಂಟಿಮೀಟರ್ ಉದ್ದ, ಅಗಲ, ಎತ್ತರದ ಪುಟ್ಟ ತುಂಡು 21 ಗ್ರಾಂ ತೂಗುತ್ತದೆ. ಅಷ್ಟೇ ಗಾತ್ರದ ಸೀಸ 11 ಗ್ರಾಂ ಚಿಲ್ಲರೆ, ಚಿನ್ನ 19 ಗ್ರಾಂ ಚಿಲ್ಲರೆ. ಇದಕ್ಕಿಂತ ಭಾರದ ಲೋಹಗಳೆಂದರೆ ಪ್ಲಾಟಿನಮ್, ಇರಿಡಿಯಮ್, ಆಸ್ಮಿಯಮ್ ಮಾತ್ರ.

ಕರಗುವುದು 3186 ಡಿಗ್ರಿಯಲ್ಲಿ. ಕಬ್ಬಿಣ 1538ಕ್ಕೇ ನೀರಾಗಿಬಿಡುತ್ತದೆ. ಲೋಹಗಳಲ್ಲಿ ಇದಕ್ಕಿಂತ ಹೆಚ್ಚು ಬಿಸಿ ತಡೆಯುವುದು ಟಂಗ್‌ಸ್ಟನ್ ಒಂದೇ, 3422 ಡಿಗ್ರಿ. ಆವರ್ತ ಕೋಷ್ಟಕದಲ್ಲೂ ಇವೆರಡು ಅಕ್ಕಪಕ್ಕದ ಮನೆಯವು. ಟಂಗ್‌ಸ್ಟನ್ 74, ರೀನಿಯಮ್ 75.

ಟಂಗ್‌ಸ್ಟನ್ ಇನ್ನೂ ಜಾಸ್ತಿ ಬಿಸಿ ತಡೆಯುತ್ತದೆ, ಸಿಗುವುದೂ ಸುಲಭ. ಹಾಗಿದ್ದ ಮೇಲೆ ರೀನಿಯಮ್ ಹಿಂದೆ ಬೀಳುವುದು ಯಾಕೆ?
(ನಿವೃತ್ತ ಎಲೆಕ್ಟ್ರಿಕಲ್ ಎಂಜಿನಿಯರ್)

ಸರ್, ಈ ಪ್ರಶ್ನೆ ಯಾರಾದರೂ ಕೇಳಲಿ ಎಂದೇ ಕಾಯುತ್ತಿದ್ದೆ. ರೀನಿಯಮ್‌ನ ಗುಟ್ಟೆಲ್ಲ ಇಲ್ಲೇ ಇದೆ.

ಕೆಲಸಕ್ಕೆ ಸೇರಿದ ಮೊದಲ ವಾರ. ನಮ್ಮ ಹಿರಿಯ ತಂತ್ರಜ್ಞರು ನನ್ನ ಕೈಗೆ ಎರಡು ತಂತಿ ಕೊಟ್ಟರು. ಎರಡೂ ಅರ್ಧ ಮಿಲಿಮೀಟರ್ ದಪ್ಪ, ಎರಡೂ ಕುಲುಮೆಯಲ್ಲಿ 2000 ಡಿಗ್ರಿ ಕಂಡು ಆರಿ ಬಂದವು. ಕಣ್ಣಿಗೆ ಒಂದೇ ತರ. ‘ಬಗ್ಗಿಸಮ್ಮ’ ಎಂದರು. ಮೊದಲನೆಯದನ್ನು ಎರಡು ಬೆರಳಲ್ಲಿ ಹಿಡಿದು ಸ್ವಲ್ಪ ಒತ್ತಿದೆನಷ್ಟೇ, ಟಿಕ್ ಎಂದು ಮುರಿಯಿತು. ಗಾಜಿನ ಕಡ್ಡಿ ಮುರಿದ ಹಾಗೆ. ಎರಡನೆಯದನ್ನು ಪೆನ್ಸಿಲ್ ಸುತ್ತ ನಾಲ್ಕು ಸುತ್ತು ಸುತ್ತಿದೆ. ಏನೂ ಆಗಲಿಲ್ಲ. ಮುರಿದದ್ದು ಶುದ್ಧ ಟಂಗ್‌ಸ್ಟನ್. ಸುತ್ತಿಕೊಂಡದ್ದು ನೂರಕ್ಕೆ 26 ಪಾಲು ರೀನಿಯಮ್ ಬೆರೆಸಿದ ಟಂಗ್‌ಸ್ಟನ್.

ಟಂಗ್‌ಸ್ಟನ್‌ನ ಕಷ್ಟ ಇದೇ. ಎಳೆದು ತಂತಿ ಮಾಡಿದಾಗ ಅದರೊಳಗಿನ ಹರಳುಗಳು ನಾರಿನಂತೆ ಉದ್ದುದ್ದ ಇರುತ್ತವೆ, ಆಗ ಬಗ್ಗುತ್ತದೆ. ಒಮ್ಮೆ ಚೆನ್ನಾಗಿ ಕಾದರೆ ಆ ನಾರೆಲ್ಲ ಹೋಗಿ ದಪ್ಪ ದಪ್ಪ ಹರಳುಗಳು ಬೆಳೆಯುತ್ತವೆ. ಬಿಸಿ ಇರುವಾಗ ತೊಂದರೆ ಇಲ್ಲ. ತಣ್ಣಗಾದ ಮೇಲೆ ಮುಟ್ಟಿದರೆ ಮುರಿಯುತ್ತದೆ. ಹಳೆಯ ಕಾಲದ ಬಲ್ಬನ್ನು ಕೆಲವು ದಿನ ಉರಿಸಿ ಅಲ್ಲಾಡಿಸಿದರೆ ಒಳಗಿನ ಎಳೆ ತುಂಡಾಗುತ್ತಿತ್ತು, ನೆನಪಿದೆ ಅಲ್ವಾ? ಅದೇ ಇದು.

ಟಂಗ್‌ಸ್ಟನ್‌ಗೂ ಮಾಲಿಬ್ಡಿನಮ್‌ಗೂ ರೀನಿಯಮ್ ಬೆರೆಸಿದರೆ ಈ ಪೆಡಸುತನ ಕಡಿಮೆಯಾಗುತ್ತದೆ ಎಂದು 1955ರಲ್ಲಿ ಬ್ರಿಟನ್ನಿನ ಗೀಚ್ ಮತ್ತು ಹ್ಯೂಸ್ ತೋರಿಸಿದರು. ಲೋಹದ ಕೆಲಸ ಮಾಡುವವರು ಇದನ್ನು ‘ರೀನಿಯಮ್ ಎಫೆಕ್ಟ್’ ಎಂದೇ ಕರೆಯುತ್ತಾರೆ. ಲೋಹ ಬಗ್ಗುವುದೆಂದರೆ ಅದರೊಳಗಿನ ಪರಮಾಣುಗಳ ಪದರಗಳು ಒಂದರ ಮೇಲೊಂದು ಜಾರುವುದು. ತಣ್ಣನೆಯ ಟಂಗ್‌ಸ್ಟನ್‌ನಲ್ಲಿ ಈ ಜಾರುವಿಕೆ ಕಷ್ಟ. ರೀನಿಯಮ್ ಹೊಕ್ಕರೆ ಸಲೀಸಾಗುತ್ತದೆ.

ನಮ್ಮ ಪ್ರಯೋಗಾಲಯದಲ್ಲಿ ಇದರ ದೊಡ್ಡ ಉಪಯೋಗ ಥರ್ಮೊಕಪಲ್. ಎರಡು ಬೇರೆ ಬೇರೆ ಲೋಹದ ತಂತಿಗಳ ತುದಿಯನ್ನು ಬೆಸೆದು ಕುಲುಮೆಯೊಳಗೆ ಇಟ್ಟರೆ ಹೊರಗಿನ ತುದಿಗಳಲ್ಲಿ ಸಣ್ಣ ವೋಲ್ಟೇಜ್ ಸಿಗುತ್ತದೆ. ಅದನ್ನು ಅಳೆದು ಒಳಗಿನ ಬಿಸಿ ಎಷ್ಟೆಂದು ಲೆಕ್ಕ ಹಾಕುತ್ತೇವೆ. ಮೊದಮೊದಲು ಒಂದು ತಂತಿ ಶುದ್ಧ ಟಂಗ್‌ಸ್ಟನ್, ಇನ್ನೊಂದು ಶೇಕಡಾ 26 ರೀನಿಯಮ್‌ನದು ಇರುತ್ತಿತ್ತು. ಶುದ್ಧ ಟಂಗ್‌ಸ್ಟನ್ ಕಾಲು ಪದೇ ಪದೇ ಮುರಿಯುತ್ತಿತ್ತು. ಆಮೇಲೆ ಅದಕ್ಕೂ ಶೇಕಡಾ 5 ರೀನಿಯಮ್ ಸೇರಿಸಿದರು. ಈಗ ‘ಟೈಪ್ ಸಿ’ ಎಂದು ಸಿಗುವುದು ಈ ಜೋಡಿಯೇ. 2300 ಡಿಗ್ರಿವರೆಗೂ ಅಳೆಯಬಹುದು. ಸಾಮಾನ್ಯ ಥರ್ಮೊಕಪಲ್‌ಗಳೆಲ್ಲ ಅದಕ್ಕಿಂತ ಎಷ್ಟೋ ಮೊದಲೇ ಕರಗಿಹೋಗಿರುತ್ತವೆ.

ಬೆರೆಸುವ ತಾಪತ್ರಯ ಯಾಕೆ? ಎಲ್ಲವನ್ನೂ ಶುದ್ಧ ರೀನಿಯಮ್‌ನಲ್ಲೇ ಮಾಡಬಾರದಾ?
(ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿರುವವರು)

ಅಪರೂಪ ಎನ್ನುವುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಗಾಳಿ.

ಒಮ್ಮೆ ನಮ್ಮ ನಿರ್ವಾತ ಕುಲುಮೆಯಲ್ಲಿ, ಅಂದರೆ ಒಳಗಿನ ಗಾಳಿಯನ್ನೆಲ್ಲ ಹೊರಗೆಳೆದ ಕುಲುಮೆಯಲ್ಲಿ, ತೆಳ್ಳನೆಯ ಶುದ್ಧ ರೀನಿಯಮ್ ಪಟ್ಟಿ ಇಟ್ಟು, 900 ಡಿಗ್ರಿಗೆ ಹೊಂದಿಸಿ, ರಾತ್ರಿ ಬಿಟ್ಟುಹೋಗಿದ್ದೆವು. ಬಾಗಿಲಿನ ರಬ್ಬರ್ ಬಳೆಯಲ್ಲಿ ಕೂದಲೆಳೆಯಷ್ಟು ಸೀಳು ಬಿಟ್ಟಿತ್ತು. ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಬೆಳಿಗ್ಗೆ ತೆಗೆದು ನೋಡಿದರೆ ಪಟ್ಟಿಯ ನಡುಭಾಗವೇ ಇಲ್ಲ. ಅಂಚುಗಳು ಹುಳು ತಿಂದ ಎಲೆಯ ಹಾಗೆ. ಎಂಟು ಗ್ರಾಂ ಇಟ್ಟಿದ್ದೆವು, ಸಿಕ್ಕಿದ್ದು ಮೂರು ಗ್ರಾಂ. ಕೆಳಗೆ ಕರಗಿ ಬಿದ್ದ ಗುರುತು ಎಲ್ಲೂ ಇಲ್ಲ. 3186 ಡಿಗ್ರಿ ತಡೆಯುವ ಲೋಹ 900ಕ್ಕೆ ಎಲ್ಲಿ ಹೋಯಿತು?

ಕುಲುಮೆಯ ತಣ್ಣನೆಯ ಗೋಡೆಯನ್ನು ನೋಡಿದಾಗ ಉತ್ತರ ಸಿಕ್ಕಿತು. ಅಲ್ಲಿ ಹಳದಿ ಪುಡಿ ಅಂಟಿಕೊಂಡಿತ್ತು. ನಾವು ನೋಡುತ್ತಿದ್ದಂತೆಯೇ ಆ ಪುಡಿ ಹೊರಗಿನ ಗಾಳಿಯ ತೇವ ಕುಡಿದು ಅಂಟಂಟಾಗುತ್ತಾ ಬಂತು. ಅದು ರೀನಿಯಮ್ ಆಕ್ಸೈಡ್. ಸುಮಾರು 600 ಡಿಗ್ರಿ ದಾಟಿದ ರೀನಿಯಮ್‌ಗೆ ಆಮ್ಲಜನಕ ಸಿಕ್ಕರೆ ಈ ಆಕ್ಸೈಡ್ ಹುಟ್ಟುತ್ತದೆ. ಇದಕ್ಕೆ ಆವಿಯಾಗಲು ನಾನೂರು ಡಿಗ್ರಿಯೂ ಬೇಡ. ಹುಟ್ಟುತ್ತಿದ್ದಂತೆ ಹೊಗೆಯಾಗಿ ಎದ್ದುಹೋಗುತ್ತದೆ. ಅಲ್ಯೂಮಿನಿಯಮ್ ಆಗಿದ್ದರೆ ಆಕ್ಸೈಡ್ ಮೈಗೆ ಅಂಟಿಕೊಂಡು ಒಳಗಿನದನ್ನು ಕಾಪಾಡುತ್ತದೆ. ರೀನಿಯಮ್‌ಗೆ ಆ ಹೊದಿಕೆ ನಿಲ್ಲುವುದಿಲ್ಲ. ಪ್ರತಿ ಕ್ಷಣ ಹೊಸ ಮೈ ಗಾಳಿಗೆ ಒಡ್ಡಿಕೊಳ್ಳುತ್ತದೆ.

ಆ ಪುಡಿಯನ್ನು ನಾವು ಬಿಡಲಿಲ್ಲ. ನೀರಿನಲ್ಲಿ ತೊಳೆದುಕೊಂಡೆವು, ಪೂರ್ತಿ ಕರಗಿತು. ಅದಕ್ಕೆ ಅಮೋನಿಯಾ ಹಾಕಿ ಕುದಿಸಿ ಇಳಿಸಿದಾಗ ತಳದಲ್ಲಿ ಬಿಳಿ ಹರಳುಗಳು ಕೂತವು. ಅಮೋನಿಯಮ್ ಪರ್‌ರೀನೇಟ್. ಈ ಬಿಳಿ ಹರಳಿನ ವಿಷಯ ಮುಂದೆ ಮತ್ತೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಇನ್ನೊಂದು ಮಾತು. ಶುದ್ಧ ರೀನಿಯಮ್ ಬಗ್ಗುತ್ತದೆ, ಆದರೆ ಬಡಿದಷ್ಟೂ ಗಟ್ಟಿಯಾಗುತ್ತಾ ಹೋಗುತ್ತದೆ. ಸ್ವಲ್ಪ ತೆಳುವಾಗಿಸು, ಹೈಡ್ರೋಜನ್ ತುಂಬಿದ ಕುಲುಮೆಯಲ್ಲಿ ಕಾಯಿಸು, ಮತ್ತೆ ಸ್ವಲ್ಪ ತೆಳುವಾಗಿಸು. ತಗಡು ಮಾಡಲು ಹೀಗೆ ಎಷ್ಟೋ ಸುತ್ತು ಬೇಕು. ಕಬ್ಬಿಣದ ಹಾಗೆ ಕೆಂಪಗೆ ಕಾಯಿಸಿ ಬಡಿಯೋಣ ಎಂದರೆ ಅದೇ ಆಕ್ಸೈಡ್ ಹರಳುಗಳ ಸಂದಿಗೆ ನುಗ್ಗಿ ಬಿರುಕು ಬಿಡಿಸುತ್ತದೆ.

ಹಾಗೆಂದು ಶುದ್ಧ ರೀನಿಯಮ್‌ಗೆ ಜಾಗವೇ ಇಲ್ಲ ಎಂದಲ್ಲ. ಪರಮಾಣು, ಅಣುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್‌ಗಳ ಒಳಗಿನ ಕಾಯುವ ಎಳೆ ಹೆಚ್ಚಾಗಿ ರೀನಿಯಮ್‌ನದೇ. ಟಂಗ್‌ಸ್ಟನ್ ಕಾದಾಗ ಇಂಗಾಲದ ಜೊತೆ ಸೇರಿ ಕಾರ್ಬೈಡ್ ಆಗುತ್ತದೆ, ರೀನಿಯಮ್ ಹಾಗೆ ಆಗುವುದಿಲ್ಲ. ಉಪಗ್ರಹಗಳ ಕೆಲವು ಸಣ್ಣ ರಾಕೆಟ್‌ಗಳ ದಹನ ಕೋಣೆಯನ್ನೂ ರೀನಿಯಮ್‌ನಲ್ಲಿ ಮಾಡಿ, ಒಳಮೈಗೆ ಇರಿಡಿಯಮ್ ಲೇಪಿಸುತ್ತಾರೆ. ಆಮ್ಲಜನಕವನ್ನು ತಡೆಯುವುದು ಇರಿಡಿಯಮ್, ಆಕಾರ ಕೆಡದಂತೆ ನಿಲ್ಲುವುದು ರೀನಿಯಮ್. ಈ ಜೋಡಿ 2200 ಡಿಗ್ರಿಯಲ್ಲೂ ಕೆಲಸ ಮಾಡುತ್ತದೆ. ಮೊದಲು ಬಳಸುತ್ತಿದ್ದ, ಲೇಪನ ಹಾಕಿದ ನಯೋಬಿಯಮ್ ಕೋಣೆಗಳಿಗೆ ಸುಮಾರು 1370 ಡಿಗ್ರಿಯೇ ಗಡಿ. ಗೋಡೆ ಹೆಚ್ಚು ಬಿಸಿ ತಡೆದರೆ ಅದನ್ನು ತಣ್ಣಗಿಡಲು ಇಂಧನ ಪೋಲು ಮಾಡಬೇಕಿಲ್ಲ. ಉಳಿದ ಇಂಧನದಲ್ಲಿ ಉಪಗ್ರಹ ಇನ್ನಷ್ಟು ಕಾಲ ತನ್ನ ಜಾಗದಲ್ಲಿ ನಿಲ್ಲಬಹುದು.

ಜೆಟ್ ಎಂಜಿನ್ ಬ್ಲೇಡಿನಲ್ಲಿ ರೀನಿಯಮ್ ಬರೀ ಶೇಕಡಾ 3 ಅಂತೆ. ಅಷ್ಟರಿಂದ ಏನಾಗುತ್ತೆ?
(ಮೂರು ಜನ ಕೇಳಿದ್ದಾರೆ)

ತುಂಬಾ ಆಗುತ್ತದೆ. ಜಗತ್ತಿನ ರೀನಿಯಮ್‌ನಲ್ಲಿ ಹೆಚ್ಚಿನ ಪಾಲು ಹೋಗುವುದೇ ಅಲ್ಲಿಗೆ.

ಎಂಜಿನ್‌ನಲ್ಲಿ ಇಂಧನ ಉರಿಯುವ ಜಾಗದ ಹಿಂದೆಯೇ ಮೊದಲ ಸಾಲಿನ ಟರ್ಬೈನ್ ಬ್ಲೇಡುಗಳಿವೆ. ಅವುಗಳ ಮೇಲೆ ಹಾಯುವ ಗಾಳಿ 1500 ಡಿಗ್ರಿಗೂ ಹೆಚ್ಚು ಬಿಸಿ. ಬ್ಲೇಡ್ ಮಾಡಿರುವ ನಿಕಲ್ ಮಿಶ್ರಲೋಹ 1400ರ ಒಳಗೇ ಕರಗುತ್ತದೆ! ಆದರೂ ಕರಗುವುದಿಲ್ಲ, ಏಕೆಂದರೆ ಬ್ಲೇಡ್ ಒಳಗೆ ಟೊಳ್ಳು. ಆ ಟೊಳ್ಳಿನಲ್ಲಿ ಅಷ್ಟು ಬಿಸಿಯಿಲ್ಲದ ಗಾಳಿ ಹರಿದು, ಸೂಜಿ ರಂಧ್ರಗಳಿಂದ ಹೊರಬಂದು ಮೈಮೇಲೆ ಹೊದಿಕೆಯಂತೆ ಹರಡುತ್ತದೆ. ಹೊರಗಡೆ ಸೆರಾಮಿಕ್ ಲೇಪನವೂ ಇರುತ್ತದೆ. ಇಷ್ಟೆಲ್ಲ ಇದ್ದರೂ ಲೋಹ ಸಾವಿರ ಡಿಗ್ರಿ ದಾಟುತ್ತದೆ. ಜೊತೆಗೆ ನಿಮಿಷಕ್ಕೆ ಹತ್ತು ಸಾವಿರ ಸುತ್ತಿನ ತಿರುಗಾಟ. ಅಂಗೈಯಷ್ಟು ಗಾತ್ರದ ಒಂದೊಂದು ಬ್ಲೇಡನ್ನೂ ಹಲವು ಟನ್ ಭಾರ ಹೊರಕ್ಕೆ ಎಳೆಯುತ್ತಿರುತ್ತದೆ.

ಈ ಬಿಸಿಯಲ್ಲಿ, ಈ ಎಳೆತದಲ್ಲಿ ಲೋಹ ಒಮ್ಮೆಲೇ ಮುರಿಯುವುದಿಲ್ಲ. ಗಂಟೆ ಗಂಟೆಗೂ ಕೂದಲೆಳೆಯಷ್ಟು ಉದ್ದವಾಗುತ್ತಾ ಹೋಗುತ್ತದೆ. ಇದಕ್ಕೆ ‘ಕ್ರೀಪ್’ ಎನ್ನುತ್ತಾರೆ. ತುದಿ ಕವಚಕ್ಕೆ ತಾಗಿದರೆ ಕಥೆ ಮುಗಿಯಿತು. ಹರಳುಗಳ ಸಂದಿಯಲ್ಲಿ ಕ್ರೀಪ್ ಜಾಸ್ತಿ. ಅದಕ್ಕೇ ಇಡೀ ಬ್ಲೇಡನ್ನು ಸಂದಿಯೇ ಇಲ್ಲದ ಒಂದೇ ಹರಳಾಗಿ ಎರಕ ಹೊಯ್ಯುತ್ತಾರೆ. ಅಚ್ಚಿನ ಬುಡದಲ್ಲಿ ತಿರುಪಿನಂಥ ಒಂದು ಕಿರಿದಾದ ದಾರಿ ಇರುತ್ತದೆ. ಕೆಳಗೆ ಹತ್ತಾರು ಹರಳು ಹುಟ್ಟಿದರೂ ಆ ತಿರುವು ದಾಟಿ ಮೇಲೆ ಬರುವುದು ಒಂದೇ. ಅದೇ ಬೆಳೆದು ಬ್ಲೇಡ್ ಆಗುತ್ತದೆ. ಇದನ್ನು ನೆನೆದಾಗಲೆಲ್ಲ ನನಗೆ ಈಗಲೂ ಬೆರಗು.

ಉಳಿದದ್ದು ಪರಮಾಣುಗಳ ಓಡಾಟ. ಬಿಸಿಯಲ್ಲಿ ಅವು ಜಾಗ ಬದಲಿಸುತ್ತಲೇ ಇರುತ್ತವೆ, ಅದರಿಂದಲೇ ಲೋಹ ಸಡಿಲವಾಗುವುದು. ರೀನಿಯಮ್ ಪರಮಾಣು ದೊಡ್ಡದು, ನಿಕಲ್ ನಡುವೆ ಬಹಳ ನಿಧಾನಕ್ಕೆ ಕದಲುತ್ತದೆ. ಸುತ್ತಲಿನ ಓಡಾಟವನ್ನೂ ತಡೆಯುತ್ತದೆ. ರೀನಿಯಮ್ ಇಲ್ಲದ್ದು ಮೊದಲ ಪೀಳಿಗೆಯ ಒಂಟಿ ಹರಳಿನ ಮಿಶ್ರಲೋಹ. ಎರಡನೆಯದರಲ್ಲಿ ಸುಮಾರು ಶೇಕಡಾ 3, ಮೂರನೆಯದರಲ್ಲಿ ಸುಮಾರು 6. ಪೀಳಿಗೆಗೆ 30 ಡಿಗ್ರಿಯಷ್ಟು ಲಾಭ. ಬರೀ ಮೂವತ್ತಾ ಎನ್ನಬೇಡಿ. ಸಾವಿರ ಡಿಗ್ರಿಯ ಮೇಲೆ, ಅದೇ ಬಾಳಿಕೆ ಇಟ್ಟುಕೊಂಡು ಮೂವತ್ತು ಡಿಗ್ರಿ ಹೆಚ್ಚು ತಡೆಯುವುದಕ್ಕೆ ಎಷ್ಟೋ ಜನರ ವರ್ಷಗಳ ದುಡಿಮೆ ಹಿಡಿದಿದೆ.

ಹಾಗಾದರೆ ಶೇಕಡಾ 12 ಹಾಕಿದರೆ? ಆಗುವುದಿಲ್ಲ. ಜಾಸ್ತಿಯಾದರೆ ಒಳಗೆ ಸೂಜಿಯಂಥ ಪೆಡಸು ಹರಳುಗಳು ಹುಟ್ಟಿ ಬ್ಲೇಡನ್ನೇ ದುರ್ಬಲ ಮಾಡುತ್ತವೆ. ಅದನ್ನು ತಡೆಯಲು ನಾಲ್ಕನೇ ಪೀಳಿಗೆಯಲ್ಲಿ ರುಥೇನಿಯಮ್ ಸೇರಿಸಿದರು. ಇನ್ನೊಂದು ಕಡೆ, ರೀನಿಯಮ್ ಸಾಕಷ್ಟು ಸಿಗುವುದಿಲ್ಲವೆಂದು ಜನರಲ್ ಎಲೆಕ್ಟ್ರಿಕ್ ಕಂಪನಿ ಒಂದೂವರೆ ಶೇಕಡಾದಲ್ಲೇ ಕೆಲಸ ಸಾಗಿಸುವ ಮಿಶ್ರಲೋಹವನ್ನೂ ಮಾಡಿತು.

ಎಂಜಿನ್ ಬಿಟ್ಟರೆ ಬೇರೆಲ್ಲೂ ಬಳಕೆ ಇಲ್ಲವೇ?
(ರಸಾಯನಶಾಸ್ತ್ರದ ಅಧ್ಯಾಪಕರು)

ಇದೆ. ಪೆಟ್ರೋಲ್ ಶುದ್ಧೀಕರಣ ಘಟಕಗಳಲ್ಲಿ ಕಚ್ಚಾ ತೈಲದಿಂದ ಬರುವ ನಾಫ್ತಾ ಎಂಬ ಹಗುರ ಎಣ್ಣೆಯನ್ನು ಕಡಿಮೆ ಆಕ್ಟೇನ್‌ನಿಂದ ಹೆಚ್ಚು ಆಕ್ಟೇನ್‌ಗೆ (ಎಂಜಿನ್‌ನಲ್ಲಿ ಬಡಿತವಿಲ್ಲದೆ ಉರಿಯುವ ಗುಣದ ಅಳತೆ ಇದು) ಬದಲಿಸಲು ಪ್ಲಾಟಿನಮ್ ಮತ್ತು ರೀನಿಯಮ್ ಹಚ್ಚಿದ ಅಲ್ಯೂಮಿನಾ ಗುಳಿಗೆಗಳನ್ನು ಬಳಸುತ್ತಾರೆ. ಬರೀ ಪ್ಲಾಟಿನಮ್ ಇದ್ದಾಗ ಮೇಲೆ ಮಸಿ ಕೂತು ಗುಳಿಗೆ ಬೇಗ ಸೋಲುತ್ತಿತ್ತು. ರೀನಿಯಮ್ ಸೇರಿದ ಮೇಲೆ ಬಾಳಿಕೆ ಹೆಚ್ಚಿತು. 1960ರ ದಶಕದ ಕೊನೆಯಲ್ಲಿ ಇದು ಬಳಕೆಗೆ ಬಂತು. ಮುಂದೆ, ಆಕ್ಟೇನ್ ಹೆಚ್ಚಿಸಲು ಬೆರೆಸುತ್ತಿದ್ದ ಸೀಸವನ್ನು ಪೆಟ್ರೋಲ್‌ನಿಂದ ತೆಗೆಯುವಾಗ ಇಂಥ ಗುಳಿಗೆಗಳು ದೊಡ್ಡ ಆಸರೆಯಾದವು.

ಆಸ್ಪತ್ರೆಯ ಸಿಟಿ ಸ್ಕ್ಯಾನ್ ಯಂತ್ರದಲ್ಲೂ ಇದೆ. ಎಕ್ಸ್-ರೇ ಕೊಳವೆಯೊಳಗೆ ಇಲೆಕ್ಟ್ರಾನ್‌ಗಳು ಬಡಿಯುವ ತಿರುಗುವ ತಟ್ಟೆ ಇರುತ್ತದೆ. ಬಡಿದ ಶಕ್ತಿಯಲ್ಲಿ ಎಕ್ಸ್-ರೇ ಆಗುವುದು ನೂರಕ್ಕೆ ಒಂದು ಪಾಲು. ಉಳಿದ 99 ಪಾಲು ಬರೀ ಬಿಸಿ. ಕ್ಷಣಕ್ಕೊಮ್ಮೆ ಕಾದು ಆರಿ ಶುದ್ಧ ಟಂಗ್‌ಸ್ಟನ್ ಮೈ ಬಿರುಕು ಬಿಡುತ್ತದೆ. ಶೇಕಡಾ 5ರಿಂದ 10 ರೀನಿಯಮ್ ಇದ್ದರೆ ಆ ಬಿರುಕು ಕಡಿಮೆ. ಮತ್ತೆ ಅದೇ ರೀನಿಯಮ್ ಎಫೆಕ್ಟ್.

ಇದನ್ನು ಕಂಡುಹಿಡಿದದ್ದು ಒಬ್ಬ ಮಹಿಳೆ ಅಂತ ಕೇಳಿದೆ. ನಿಜವಾ?
(ಪ್ರೌಢಶಾಲೆಯ ವಿದ್ಯಾರ್ಥಿನಿ)

ನಿಜ ಮರಿ. ಮೂವರು ಸೇರಿ ಕಂಡುಹಿಡಿದರು: ಇಡಾ ಟಾಕೆ, ವಾಲ್ಟರ್ ನೊಡ್ಡಾಕ್, ಓಟೊ ಬರ್ಗ್. 1925, ಜರ್ಮನಿ. 75ನೇ ಮನೆ ಖಾಲಿ ಇದೆಯೆಂದು ಎಲ್ಲರಿಗೂ ಗೊತ್ತಿತ್ತು. ಇವರು ಅದಿರುಗಳನ್ನು ಸೋಸಿ ಸೋಸಿ, ಎಕ್ಸ್-ರೇ ರೋಹಿತದಲ್ಲಿ ಅದರ ಗೆರೆಗಳನ್ನು ಹಿಡಿದರು. ರೈನ್ ನದಿಯ ಲ್ಯಾಟಿನ್ ಹೆಸರು ರೀನಸ್, ಅದರಿಂದ ರೀನಿಯಮ್. ಇಡಾ ಹುಟ್ಟಿದ್ದೂ ಆ ನದಿಯ ಸೀಮೆಯಲ್ಲೇ. ಮರುವರ್ಷ ಇಡಾ ಮತ್ತು ವಾಲ್ಟರ್ ಮದುವೆಯಾದರು. 1928ರಲ್ಲಿ 660 ಕಿಲೋ ಮಾಲಿಬ್ಡಿನೈಟ್ ಅದಿರಿನಿಂದ ಒಂದು ಗ್ರಾಂ ರೀನಿಯಮ್ ತೆಗೆದರು. ಒಂದೇ ಒಂದು ಗ್ರಾಂ!

ಅದಕ್ಕೂ ಮೊದಲೇ, 1908ರಲ್ಲಿ, ಜಪಾನಿನ ಮಸತಾಕ ಒಗಾವ ಒಂದು ಹೊಸ ಧಾತು ಸಿಕ್ಕಿತೆಂದು ‘ನಿಪ್ಪೋನಿಯಮ್’ ಎಂದು ಹೆಸರಿಟ್ಟಿದ್ದರು. ಆದರೆ ಅದನ್ನು 43ನೇ ಮನೆಗೆ ಸೇರಿಸಿದರು. ಅವರ ಕೈಯಲ್ಲಿ ಇದ್ದದ್ದು 75 ಇರಬೇಕು ಎಂದು ಅವರ ದಾಖಲೆಗಳನ್ನು ಮತ್ತೆ ನೋಡಿದವರು ಹೇಳುತ್ತಾರೆ. ಮನೆ ತಪ್ಪಿ ಹೆಸರೂ ಹೋಯಿತು.

ಇಡಾ ಬಗ್ಗೆ ಇನ್ನೊಂದು ಮಾತು ನಿನಗೆ ಹೇಳಲೇಬೇಕು. ಯುರೇನಿಯಮ್‌ಗೆ ನ್ಯೂಟ್ರಾನ್ ಬಡಿಸಿ ಹೊಸ, ಭಾರದ ಧಾತು ಮಾಡಿದೆವು ಎಂದು 1934ರಲ್ಲಿ ಇಟಲಿಯ ಭೌತವಿಜ್ಞಾನಿ ಫರ್ಮಿಯ ಗುಂಪು ಹೇಳಿತ್ತು. ಆಗ ಇಡಾ, ನ್ಯೂಕ್ಲಿಯಸ್ ಒಡೆದು ದೊಡ್ಡ ದೊಡ್ಡ ತುಂಡುಗಳೇ ಆಗಿರಬಹುದಲ್ಲ ಎಂದು ಬರೆದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1938ರ ಕೊನೆಯಲ್ಲಿ ಜರ್ಮನಿಯ ರಸಾಯನವಿಜ್ಞಾನಿಗಳಾದ ಹಾನ್ ಮತ್ತು ಸ್ಟ್ರಾಸ್‌ಮನ್ ಪ್ರಯೋಗದಲ್ಲಿ ಕಂಡದ್ದು ಅದನ್ನೇ. ಇಡಾ ಆ ಪ್ರಯೋಗವನ್ನು ತಾವು ಮಾಡಿರಲಿಲ್ಲ, ಅದೂ ನಿಜ. ಆದರೂ ಈ ಹೆಸರು ಶಾಲೆಯ ಪುಸ್ತಕಗಳಲ್ಲಿ ಇಷ್ಟು ಕಡಿಮೆ ಕಾಣುವುದು ನನಗೆ ಬೇಜಾರು.

ರೀನಿಯಮ್ ವಿಕಿರಣ ಬಿಡುತ್ತದೆಯಂತೆ. ಅಪಾಯವೇ?
(ಹೆಸರು ಬರೆದಿಲ್ಲ)

ಹೆದರಬೇಡಿ. ಪ್ರಕೃತಿಯಲ್ಲಿ ಸಿಗುವ ರೀನಿಯಮ್‌ನಲ್ಲಿ ನೂರಕ್ಕೆ 62ರಷ್ಟು ರೀನಿಯಮ್-187. ಅದು ವಿಕಿರಣಶೀಲ, ನಿಜ. ಆದರೆ ಅರ್ಧ ಖಾಲಿಯಾಗಲು ಅದಕ್ಕೆ ಸುಮಾರು 4,160 ಕೋಟಿ ವರ್ಷ ಬೇಕು. ಬ್ರಹ್ಮಾಂಡದ ವಯಸ್ಸೇ 1,380 ಕೋಟಿ ವರ್ಷ. ಬಿಡುವ ಕಿರಣವೂ ತೀರಾ ದುರ್ಬಲ. ಇದು ನಿಧಾನಕ್ಕೆ ಆಸ್ಮಿಯಮ್ ಆಗುವುದನ್ನು ಅಳೆದು ಭೂವಿಜ್ಞಾನಿಗಳು ಅದಿರಿನ ವಯಸ್ಸು ಲೆಕ್ಕ ಹಾಕುತ್ತಾರೆ. ಚಿಕಿತ್ಸೆಗೆ ಬಳಸುವ ರೀನಿಯಮ್-188 ಬೇರೆಯದು. ಅದರ ಅರ್ಧಾಯುಷ್ಯ 17 ಗಂಟೆ. ಕೆಲವು ಬಗೆಯ ಚರ್ಮದ ಕ್ಯಾನ್ಸರ್‌ಗೂ ಯಕೃತ್ತಿನ ಗೆಡ್ಡೆಗಳಿಗೂ ಅದನ್ನು ವೈದ್ಯರ ಕೈಯಲ್ಲಿ ಮಾತ್ರ ಬಳಸುತ್ತಾರೆ.

ರೀನಿಯಮ್ ಗಣಿ ಎಲ್ಲಿದೆ? ಮುಗಿದುಹೋದರೆ ಏನು ಗತಿ?
(ಓದುಗ ದಂಪತಿ)

ರೀನಿಯಮ್‌ಗೆಂದೇ ತೋಡಿದ ಗಣಿ ಇಲ್ಲ. ಭೂಮಿಯ ಹೊರಪದರದಲ್ಲಿ ನೂರು ಕೋಟಿಗೆ ಒಂದು ಪಾಲಿನಷ್ಟು ಮಾತ್ರ ಇದೆ. ರಷ್ಯಾದ ಕುರಿಲ್ ದ್ವೀಪಗಳ ಕುದ್ರ್ಯಾವಿ ಜ್ವಾಲಾಮುಖಿಯ ಬಾಯಲ್ಲಿ, ಬಿಸಿ ಅನಿಲದಿಂದ ರೀನಿಯಮ್ ಸಲ್ಫೈಡ್ ಹರಳುಗಟ್ಟುವುದನ್ನು 1990ರ ದಶಕದಲ್ಲಿ ಕಂಡರು. ಅಚ್ಚರಿಯ ಜಾಗ, ಆದರೆ ಜಗತ್ತಿಗೆ ರೀನಿಯಮ್ ಬರುವುದು ಅಲ್ಲಿಂದಲ್ಲ.

ತಾಮ್ರದ ಅದಿರಿನ ಜೊತೆ ಮಾಲಿಬ್ಡಿನೈಟ್ ಸಿಗುತ್ತದೆ. ಅದರೊಳಗೆ ಚೂರೇ ಚೂರು ರೀನಿಯಮ್ ಅಡಗಿರುತ್ತದೆ. ಮಾಲಿಬ್ಡಿನೈಟನ್ನು ಹುರಿಯುವಾಗ ರೀನಿಯಮ್ ಆಕ್ಸೈಡ್ ಆಗಿ ಹೊಗೆಯ ಜೊತೆ ಹೊರಡುತ್ತದೆ. ನಮ್ಮ ಕುಲುಮೆಯಲ್ಲಿ ಆ ರಾತ್ರಿ ಆದದ್ದೇ ಇದು! ಹೊಗೆಯನ್ನು ನೀರಿನಲ್ಲಿ ತೊಳೆದು ರೀನಿಯಮ್ ಹಿಡಿಯುತ್ತಾರೆ, ಕೊನೆಗೆ ಅಮೋನಿಯಾ ಸೇರಿಸಿ ಅದೇ ಬಿಳಿ ಹರಳು ಮಾಡುತ್ತಾರೆ. ಹೈಡ್ರೋಜನ್‌ನಲ್ಲಿ ಕಾಯಿಸಿದರೆ ಹರಳು ಬೂದು ಬಣ್ಣದ ಲೋಹದ ಪುಡಿಯಾಗುತ್ತದೆ. ಪುಡಿಯನ್ನು ಒತ್ತಿ ಕಾಯಿಸಿ ಗಟ್ಟಿ ಮಾಡುತ್ತಾರೆ. ಹೊಗೆ ಹಿಡಿಯುವ ಏರ್ಪಾಡು ಇಲ್ಲದ ಕಡೆ ರೀನಿಯಮ್ ಗಾಳಿಪಾಲು.

ಹೀಗೆ ಸಿಗುವುದು ವರ್ಷಕ್ಕೆ ಐವತ್ತು ಅರವತ್ತು ಟನ್. ಚಿನ್ನ ವರ್ಷಕ್ಕೆ ಮೂರು ಸಾವಿರ ಟನ್‌ಗೂ ಹೆಚ್ಚು ಸಿಗುತ್ತದೆ. ಹೊಸ ರೀನಿಯಮ್‌ನಲ್ಲಿ ಅರ್ಧದಷ್ಟು ಬರುವುದು ಚಿಲಿ ದೇಶದಿಂದ. ಬೇಡಿಕೆ ಹೆಚ್ಚಾಯಿತೆಂದು ರೀನಿಯಮ್ ಹೆಚ್ಚು ತೆಗೆಯಲು ಆಗುವುದಿಲ್ಲ. ತಾಮ್ರ ಎಷ್ಟು ತೆಗೆಯುತ್ತಾರೋ ಅದರ ಮೇಲೆ ಇದರ ಲೆಕ್ಕ. ಅದಕ್ಕೇ ಹಳೆಯ ಬ್ಲೇಡುಗಳು, ಎರಕದ ಮನೆಯ ತುಂಡುಗಳು, ಸೋತ ಗುಳಿಗೆಗಳು ಎಲ್ಲವನ್ನೂ ಕೂಡಿಹಾಕಿ ಕರಗಿಸಿ ರೀನಿಯಮ್ ವಾಪಸ್ ತೆಗೆಯುತ್ತಾರೆ.

ನಮ್ಮಲ್ಲೂ ಹಾಗೇ ಇತ್ತು. ತಂತಿ ಕತ್ತರಿಸುವ ಮೇಜಿನ ಮೇಲೆ ಅಗಲ ಬಾಯಿಯ ಗಾಜಿನ ಬಾಟಲಿ. ಉಗುರಿನಷ್ಟು ಚೂರಾದರೂ ಅದಕ್ಕೇ ಬೀಳಬೇಕು, ವಾರಕ್ಕೊಮ್ಮೆ ತೂಗಿ ರಿಜಿಸ್ಟರ್‌ನಲ್ಲಿ ಬರೆಯಬೇಕು. ನಾನು ನಿವೃತ್ತಿಯಾದ ದಿನ ಕೊನೆಯ ಸಲ ತೂಗಿದೆ. 112 ಗ್ರಾಂ ಇತ್ತು. ಮುಚ್ಚಳಕ್ಕೆ ಮೊಹರು ಹಾಕಿ, ಕರಗಿಸಿ ಮತ್ತೆ ತಂತಿ ಮಾಡುವವರಿಗೆ ಕಳಿಸಿದೆವು.